ಚಮಚದಲ್ಲಿ ಪ್ರಭುಭೋಜನ

ಜೂನ್ 4, ಬುಧವಾರ

ನಿನ್ನೆ ಆಕೆಯನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದದ್ದಾಯಿತು. ಆಂಬುಲೆನ್ಸಿನ ಇಬ್ಬರು ಮಂಚದ ಮೇಲೆ ಮಲಗಿಸಿ, ನನ್ನಿಂದ ಒಂದು ಸಹಿ ಹಾಕಿಸಿಕೊಂಡು ಹೊರಟುಹೋದರು. ಫ್ರಿಜ್ಜು ತರಿಸಿದಾಗಲೂ ಹೀಗೆಯೇ ಸಹಿ ಹಾಕಿದ್ದೆ. ಅದರ ಜೊತೆ, ಹೇಗೆ ನಡೆಸಬೇಕೆಂದು ಒಂದು ಪುಸ್ತಕವನ್ನಾದರೂ ಕೊಟ್ಟಿದ್ದರು.

ಮಾತಾಡದೆ ಇರಲಾಗದ ಮನುಷ್ಯ ನಾನು. ಕೇಳುವವರಿಲ್ಲದಾಗ ಬರೆಯುವುದೊಂದೇ ದಾರಿ. ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು ಒಂದು ಆಯುಷ್ಯವೆಲ್ಲ ಮೈಕಿನಲ್ಲಿ ಕೂಗಿದ್ದೇನೆ. ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ, ಯಾವುದು ತಡ, ಯಾವುದು ರದ್ದು. ಊರಿನ ಅರ್ಧ ಜನಕ್ಕೆ ನನ್ನ ಮುಖ ಗೊತ್ತಿಲ್ಲ, ದನಿ ಗೊತ್ತು. ಚರ್ಚಿನಲ್ಲಿ ನನ್ನನ್ನು ಕರೆಯುವುದೇ ‘ಮೈಕು’ ಎಂದು. ಭಾನುವಾರ ಬೈಬಲಿನ ಪಾಠ ಓದುವುದೂ ನಾನೇ. ಅಲ್ಲಿ ಮೈಕು ಕೆಟ್ಟರೆ ಯಾರೂ ರಿಪೇರಿಗೆ ಓಡುವುದಿಲ್ಲ.

ನನ್ನವಳು ಹೋಗಿ ಏಳು ವರ್ಷ. ವಿಧುರನ ಅಡುಗೆಮನೆ ಹೇಗಿರುತ್ತದೆಂದು ಬರೆಯುವುದು ಬೇಡ. ಕಳೆದ ನವೆಂಬರಿನಲ್ಲಿ ಈಕೆಯನ್ನು ಮದುವೆಯಾದೆ. ನಮ್ಮ ಸಭೆಯವರೇ, ವಿಧವೆ. ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನದ ಮೇಜಿನ ಬಿಳಿ ಬಟ್ಟೆಗಳನ್ನು ಒಗೆದು ಇಸ್ತ್ರಿ ಹಾಕುವ ಸೇವೆ ಅವರದು. ನಾಲಿಗೆ ಬಲು ಹರಿತ. ಮದುವೆಯ ದಿನ ನಾನು ಪ್ರಮಾಣವನ್ನು ಇಂಗ್ಲಿಷಿನಲ್ಲೇ ಹೇಳುತ್ತೇನೆಂದು ಹಟ ಹಿಡಿದೆ. ಕಾಲೇಜು ಮೆಟ್ಟಿಲು ಹತ್ತಿದವನು ಎಂದು ತೋರಿಸಬೇಕಲ್ಲ. ‘ಫಾರ್ ಬೆಟರ್, ಫಾರ್...’ ಎಂಬಲ್ಲಿಗೆ ಬಂದಾಗ ಮುಂದಿನ ‘ವರ್ಸ್’, ಅಂದರೆ ಕಷ್ಟಕಾಲದ್ದು, ಮರೆಯಿತು. ‘ಫಾರ್ ಬೆಸ್ಟ್’ ಎಂದೆ. ಸಭೆಯೆಲ್ಲ ನಕ್ಕಿತು. ಬೆಟರು, ಬೆಸ್ಟು, ಬರೀ ಏರಿಕೆಯೇ ಇರುವ ಮದುವೆ ಇದು ಎಂದು ಪಾಸ್ಟರು ಹಾಸ್ಯ ಮಾಡಿದರು. ಆರು ತಿಂಗಳು ತುಂಬುವ ಮೊದಲೇ ಆಕೆಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು, ಬಾಯಿಯ ಬಲಭಾಗ.

ನಿಜ ಹೇಳಬೇಕೆಂದರೆ ಮುಪ್ಪಿನಲ್ಲಿ ನನ್ನನ್ನು ನೋಡಿಕೊಳ್ಳುವವರು ಬೇಕೆಂದು ಮದುವೆಯಾದವನು ನಾನು. ತಾನೊಂದು ಬಗೆದರೆ ದೈವವೊಂದು ಬಗೆಯಿತು.

ಇವತ್ತು ಮೈ ಒರೆಸಿದೆ. ಒಬ್ಬರ ಮೈ ಒಬ್ಬರಿಗೆ ಇನ್ನೂ ದೀಪ ಆರಿಸಿದ ಮೇಲಿನ ಪರಿಚಯವಷ್ಟೇ. ಆಕೆ ಗೋಡೆಯ ಕಡೆ ಮುಖ ತಿರುಗಿಸಿದರು, ನಾನು ಕಿಟಕಿಯ ಕಡೆ. ಇಬ್ಬರೂ ನೋಡದ ಮೈಯನ್ನು ಟವೆಲ್ಲೊಂದೇ ನೋಡಿತು. ಆಮೇಲೆ ಆಕೆ ಏನೋ ಹೇಳಿದರು. ಅರ್ಥವಾಗಲಿಲ್ಲ. ಅರ್ಥವಾದವನಂತೆ ತಲೆಯಾಡಿಸಿದೆ.

ನರ್ಸು ಒಂದು ಡಬ್ಬಿ ಪುಡಿ ಕೊಟ್ಟಿದ್ದಾರೆ. ತೆಳ್ಳಗಿರುವುದು ಏನೇ ಆದರೂ, ನೀರು, ಚಹಾ, ಹಾಲು, ಈ ಪುಡಿ ಹಾಕಿ ಮಂದ ಮಾಡಿಯೇ ಕೊಡಬೇಕಂತೆ. ಇಲ್ಲವಾದರೆ ಅನ್ನನಾಳ ಬಿಟ್ಟು ಶ್ವಾಸಕೋಶಕ್ಕೆ ಇಳಿಯುತ್ತದೆ. ನೀರನ್ನು ಚಮಚದಲ್ಲಿ ತಿನ್ನಿಸುವ ದಿನ ಬಂತು.

ಜೂನ್ 8, ಭಾನುವಾರ

ಇವತ್ತಿನ ಪಾಠ ನಾನು ಓದಬೇಕಿತ್ತು. ಗಂಟಲು ಕಟ್ಟಿದೆ ಎಂದು ಪಾಸ್ಟರಿಗೆ ಫೋನಿನಲ್ಲಿ ಹೇಳಿದೆ, ಬಹಳ ಸ್ಪಷ್ಟವಾದ ದನಿಯಲ್ಲಿ.

ಆರಾಧನೆ ಮುಗಿಸಿಕೊಂಡು ಎದುರುಮನೆಯಾಕೆ ಬಂದರು. ಅವರು ಒಳಗೆ ಬರುವ ಮೊದಲೇ ಮಲಗುವ ಕೋಣೆಯ ಬಾಗಿಲು ಎಳೆದುಕೊಂಡೆ. ಒಳಗೆ ಮೂತ್ರದ ವಾಸನೆ ಇತ್ತು. ಆಕೆಯ ಬಾಯಿಂದ ಎಂಜಲು ಸುರಿಯುತ್ತಿತ್ತು.

“ಮಲಗಿದಾರೆ,” ಎಂದೆ.

“ಪಾಪ, ನಿಮಗೆ ಎಂಥ ಶಿಲುಬೆ ಬಂತು ನೋಡಿ. ಆ ವಯಸ್ಸಲ್ಲಿ ಮದ್ವೆ ಯಾಕೆ ಬೇಕಿತ್ತು ಅಂತ ನಾನು ಕೇಳಲ್ಲ. ಕೇಳೋರು ಕೇಳ್ತಾರೆ.”

“ಕೇಳಲಿ ಬಿಡಿ.”

“ಅಲ್ಲ, ಮೊದಲನೆಯವರನ್ನ ರಾಣಿ ಹಾಗೆ ನೋಡ್ಕೊಂಡಿದ್ರಿ. ನಿಮಗೇ ಹೀಗಾಗ್ಬೇಕಾ?”

ಆ ಕನಿಕರ ನನಗೆ ಹಿತವಾಯಿತು. ಬೆಚ್ಚಗಿನ ಬಟ್ಟೆ ಹೊದೆದ ಹಾಗೆ. ಅವರು ಹೋದ ಮೇಲೆ ಬಾಗಿಲು ತೆಗೆದರೆ ಆಕೆ ಎಚ್ಚರವಾಗಿಯೇ ಇದ್ದರು. ನನ್ನನ್ನು ನೋಡಿ ಕಣ್ಣು ಮುಚ್ಚಿಕೊಂಡರು, ನಾನು ಹೇಳಿದ ಸುಳ್ಳನ್ನು ನಿಜ ಮಾಡಲೋ ಎಂಬಂತೆ.

ಜೂನ್ 13, ಶುಕ್ರವಾರ

ಆಕೆಯ ಮಗಳು ಬಂದಿದ್ದಳು, ಮೊದಲ ಮದುವೆಯವಳು. ಔಷಧಿ ಅಂಗಡಿ ನಡೆಸುತ್ತಾಳೆ. ನನ್ನನ್ನು ಅಪ್ಪ ಎನ್ನಲಾರಳು, ಹೆಸರು ಹಿಡಿದು ಕರೆಯಲಾರಳು. ಅಂಕಲ್ ಎನ್ನುತ್ತಾಳೆ. ತಾಯಿಗೆ ತಲೆ ಬಾಚಿ, ಉಗುರು ಕತ್ತರಿಸಿ, ಆಮೇಲೆ ಅಡುಗೆಮನೆಗೆ ಬಂದು ಬಾಗಿಲು ಹಾಕಿಕೊಂಡಳು.

“ಅಂಕಲ್, ತಪ್ಪು ತಿಳ್ಕೋಬೇಡಿ. ನೀವು ಅಮ್ಮನ ಜೊತೆ ಸಂಸಾರ ಮಾಡಿದ್ದೇ ಆರು ತಿಂಗಳು. ಇದನ್ನೆಲ್ಲ ನಿಮ್ಮ ತಲೆ ಮೇಲೆ ಹಾಕೋದು ನ್ಯಾಯ ಅಲ್ಲ.”

“ಛೆ, ಹಾಗೇನಿಲ್ಲ.”

“ನಮ್ಮನೆ ಮೂರನೇ ಮಹಡಿ. ಲಿಫ್ಟಿಲ್ಲ. ಅತ್ತೆ ಬೇರೆ ಹಾಸಿಗೆ ಹಿಡಿದಿದಾರೆ. ಊರಾಚೆ ಒಂದು ಆರೈಕೆ ಮನೆ ಇದೆ. ನಾನೇ ಹೋಗಿ ನೋಡ್ಕೊಂಡು ಬಂದೆ, ಚೊಕ್ಕವಾಗಿದೆ. ಆಗಸ್ಟ್ ಮೊದಲಲ್ಲಿ ಒಂದು ಹಾಸಿಗೆ ಖಾಲಿ ಆಗತ್ತಂತೆ. ಯೋಚನೆ ಮಾಡಿ, ನಿಧಾನಕ್ಕೆ ಹೇಳಿ.”

“ಯೋಚನೆ ಏನು ಬಂತು. ಹೂಂ ಅಂದ್ಬಿಡು.”

“ಈಗ್ಲೇ?”

“ಬೇರೆಯವರಿಗೆ ಹೋಗ್ಬಿಟ್ರೆ ಕಷ್ಟ ಅಲ್ವಾ.”

ಚಹಾಕ್ಕೆ ಇಟ್ಟ ನೀರು ಇನ್ನೂ ಕುದಿ ಬಂದಿರಲಿಲ್ಲ. ಅಷ್ಟು ಬೇಗ ಹೇಳಿಬಿಟ್ಟೆ. ಅವಳು ನನ್ನ ಕೈ ಹಿಡಿದುಕೊಂಡು, “ನೀವು ಏನಂತೀರೋ ಅಂತ ದಾರಿಯುದ್ದಕ್ಕೂ ಪ್ರಾರ್ಥನೆ ಮಾಡ್ತಾ ಬಂದೆ ಅಂಕಲ್,” ಎಂದಳು. ಬೈದಿದ್ದರೆ ವಾಸಿಯಿತ್ತು. ಹೋಗುವ ದಿನ ಹತ್ತಿರ ಬರುವವರೆಗೆ ತಾಯಿಗೆ ಹೇಳುವುದು ಬೇಡ ಎಂದು ಇಬ್ಬರೂ ಒಪ್ಪಿಕೊಂಡೆವು. ಆಗಸ್ಟಿನವರೆಗೆ ತಾನೇ. ಟೆಂಪರರಿ ಅರೇಂಜ್‌ಮೆಂಟು.

ಜೂನ್ 14, ಶನಿವಾರ

ಬರೆಯುವಂಥದ್ದು ಏನೂ ಇಲ್ಲ. ಆಕೆಯ ಕಣ್ಣು ತಪ್ಪಿಸಿಕೊಂಡು ಓಡಾಡಿದೆ.

ಜೂನ್ 22, ಭಾನುವಾರ

ಇವತ್ತೂ ಚರ್ಚಿಗೆ ಹೋಗಲಿಲ್ಲ. ಅವರ ಪಕ್ಕ ಕುಳಿತು ನಾನೇ ಪ್ರಾರ್ಥನೆ ಮಾಡಿದೆ. ನನ್ನ ಪ್ರಾರ್ಥನೆ ಎಂದರೆ ಸಭೆಯಲ್ಲಿ ಹೆಸರುವಾಸಿ. ಏರಿಳಿತ, ನಿಲುಗಡೆ, ಕೊನೆಯಲ್ಲಿ ಎಲ್ಲರೂ ಆಮೆನ್ ಎನ್ನಲು ಸರಿಯಾದಷ್ಟು ಜಾಗ. ಇವತ್ತು ‘ಕರ್ತನೇ’ ಎಂದಾದ ಮೇಲೆ ಮುಂದಕ್ಕೆ ಹೋಗಲಿಲ್ಲ. ಆಕೆ ಕಾದರು. ಕಾದು ಕಾದು ತಾವೇ “ಆಮೆನ್” ಎಂದರು. ಆ ಒಂದು ಮಾತು ಸ್ಪಷ್ಟವಾಗಿತ್ತು.

ಮಧ್ಯಾಹ್ನ ಹಾಸಿಗೆ ಒದ್ದೆಯಾಯಿತು. ಬೆಳಿಗ್ಗೆಯಷ್ಟೇ ಹಾಸು ಬದಲಿಸಿದ್ದೆ. ಬಚ್ಚಲಲ್ಲಿ ಹಾಸನ್ನು ತಿಕ್ಕುವಾಗ ಪ್ರಾರ್ಥನೆ ತಾನಾಗಿಯೇ ಬಂತು. ನಿನ್ನ ಚಿತ್ತವಾದರೆ ಈಕೆಯನ್ನು ನಿನ್ನ ಬಳಿಗೆ ಕರೆದುಕೋ.

ಎಷ್ಟು ಚಂದದ ಮಾತು, ಕರೆದುಕೋ. ಮೈಕಿನವನಿಗೆ ಮಾತನ್ನು ಮೆತ್ತಗೆ ಮಾಡುವುದು ಅಭ್ಯಾಸ. ‘ತಾಂತ್ರಿಕ ಕಾರಣದಿಂದ’ ಎಂದು ನಾನು ಕೂಗಿದರೆ ಡ್ರೈವರು ಕುಡಿದು ಮಲಗಿದ್ದಾನೆ ಎಂದರ್ಥ. ಈ ಪ್ರಾರ್ಥನೆಯ ಅರ್ಥವೇನೆಂದು ನನಗೂ ಗೊತ್ತು, ಕೇಳಿಸಿಕೊಂಡವನಿಗೂ ಗೊತ್ತು.

ನನ್ನವಳು ಇದ್ದಿದ್ದರೆ ಮುಖದ ಮೇಲೆ ನೀರೆರಚುತ್ತಿದ್ದಳು.

ಜುಲೈ 1, ಮಂಗಳವಾರ

ಸಭೆಯವರು ಗಾಲಿಕುರ್ಚಿ ಕಳಿಸಿದರು. ಅಡುಗೆಮನೆಯ ಬಾಗಿಲಿಗೆ ಅದು ಸರಿಯಾಗಿ ಒಂದು ಬೆರಳು ದೊಡ್ಡದು. ಹಿಂದೆ ಮುಂದೆ ಎಳೆದಾಡಿ, ಬಾಗಿಲವಾಡಕ್ಕೆ ಎರಡು ಗಾಯ ಮಾಡಿ, ಸೋತು ನಿಂತಾಗ ಹಳೇ ಚಟ ಬಾಯಿಗೆ ಬಂತು. “ಪ್ರಯಾಣಿಕರ ಗಮನಕ್ಕೆ. ನಡುಮನೆಯಿಂದ ಅಡುಗೆಮನೆ ಮಾರ್ಗವಾಗಿ ಬಚ್ಚಲಿಗೆ ಹೊರಡಬೇಕಿದ್ದ ಗಾಡಿ...”

“ಲೇಟು,” ಎಂದರು ಆಕೆ.

ಆಮೇಲೆ ಅರ್ಧ ಬಾಯಲ್ಲಿ ನಕ್ಕರು. ಒಂದು ಪಕ್ಕ ನಗುತ್ತದೆ, ಇನ್ನೊಂದು ಪಕ್ಕ ಸುಮ್ಮನೆ ನೋಡುತ್ತಿರುತ್ತದೆ. ನೋಡಲು ವಿಚಿತ್ರ. ರಾತ್ರಿ ಊಟಕ್ಕೆ ಆಲೂಗಡ್ಡೆ ಬೇಯಿಸಿ ಕಿವುಚಿದೆ, ಉಪ್ಪು ಹಾಕುವುದು ಮರೆತೆ. “ಕಾಗದ,” ಎಂದರು. ಸೇರುವುದಿಲ್ಲವೆಂದರೂ ಪೂರ್ತಿ ತಿಂದರು.

ಭಾನುವಾರ ಪ್ರಭುಭೋಜನ. ಹೋಗಲೇಬೇಕು ಎನ್ನುತ್ತಿದ್ದಾರೆ. “ಬೇಡ, ಆಯಾಸ ಆಗತ್ತೆ ನಿಮಗೆ,” ಎಂದೆ. ಆಯಾಸ ಯಾರಿಗೆಂದು ಕೇಳಲಿಲ್ಲ, ಪುಣ್ಯ.

ಜುಲೈ 6, ಭಾನುವಾರ

ಹೇಗೆ ಬರೆಯಲಿ.

ದೊಡ್ಡ ರಸ್ತೆ ಬಿಟ್ಟು ಹಿಂದಿನ ಓಣಿಯಲ್ಲಿ ತಳ್ಳಿಕೊಂಡು ಹೋದೆ. ಅಲ್ಲಿ ಕಸದ ತೊಟ್ಟಿಗಳು, ಮಲಗಿದ ನಾಯಿಗಳು, ನಮ್ಮನ್ನು ನೋಡಿ ಮರುಗುವವರು ಯಾರೂ ಇಲ್ಲ. ಚರ್ಚಿನಲ್ಲಿ ಕೊನೆಯ ಬೆಂಚಿನ ಹಿಂದೆ, ಕಂಬದ ಪಕ್ಕ ಕುರ್ಚಿ ನಿಲ್ಲಿಸಿದೆ. ರೊಟ್ಟಿಯ ತುಣುಕನ್ನು ಮೆತ್ತಗೆ ಅಗಿದು ನುಂಗಿದರು. ಆಮೇಲೆ ಪಾಸ್ಟರು ಬಟ್ಟಲು ಹಿಡಿದು ನಮ್ಮವರೆಗೂ ನಡೆದು ಬಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಕುಡಿಯುವ ನೀರಿಗೆ ಪುಡಿ ಹಾಕುವವನು, ಚಹಾಕ್ಕೆ ಹಾಕುವವನು, ಕೆಮ್ಮಿನ ಔಷಧಿಗೂ ಹಾಕುವವನು ನಾನು. ಬಟ್ಟಲಲ್ಲಿರುವುದೂ ತೆಳ್ಳಗಿರುತ್ತದೆ ಎಂದು ಹೊಳೆಯಲೇ ಇಲ್ಲ. ಅದು ದ್ರಾಕ್ಷಾರಸ, ಕರ್ತನದು. ಅದು ಗಂಟಲಲ್ಲಿ ದಾರಿ ತಪ್ಪುತ್ತದೆಂದು ಯಾರು ಎಣಿಸುತ್ತಾರೆ.

ಒಂದು ಗುಟುಕು. ಕೆಮ್ಮು ಶುರುವಾಯಿತು. ನಿಲ್ಲಲಿಲ್ಲ. ಮುಖ ಕೆಂಪಾಗಿ, ಆಮೇಲೆ ಬೇರೆ ಬಣ್ಣಕ್ಕೆ ತಿರುಗಿತು. ಬಾಯಿಂದ ಕೆಂಪಗೆ ಚಿಮ್ಮಿ ಪಾಸ್ಟರ ಕೈಯಲ್ಲಿದ್ದ ಬಿಳಿ ಬಟ್ಟೆಯ ಮೇಲೆ, ಆಕೆಯೇ ಅದೆಷ್ಟೋ ಸಲ ಒಗೆದ ಬಟ್ಟೆಯ ಮೇಲೆ ಬಿತ್ತು. ಸಭೆ ಪೂರ್ತಿ ಹಿಂದಕ್ಕೆ ತಿರುಗಿ ನೋಡಿತು.

ನಾನು “ನೀರು ತರ್ತೀನಿ” ಎಂದು ಹೊರಗೆ ಹೋದೆ.

ನೀರು. ತರಬಾರದ್ದು ಒಂದಿದ್ದರೆ ಅದು. ನನಗೆ ಗೊತ್ತಿತ್ತು. ಅಂಗಳದ ನಲ್ಲಿಯ ಹತ್ತಿರ ಹೋಗಿ, ನಲ್ಲಿ ತಿರುಗಿಸಿ, ಕೈ ತೊಳೆದುಕೊಂಡೆ. ಒಳಗಿನ ಕೆಮ್ಮು ನಿಲ್ಲುವವರೆಗೂ ತೊಳೆಯುತ್ತಲೇ ಇದ್ದೆ. ಬಂದಾಗ ಪಾಸ್ಟರು ಮೊಣಕಾಲೂರಿ ಆಕೆಯ ಬೆನ್ನು ತಟ್ಟುತ್ತಿದ್ದರು.

ಶೇಮ್ ಮತ್ತು ಗಿಲ್ಟ್ ಎರಡಕ್ಕೂ ವ್ಯತ್ಯಾಸವಿದೆ ಎಂದು ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಒಂದು ಪೀರಿಯಡ್ಡು ಪೂರ್ತಿ ಹೇಳಿದ್ದರು. ಒಂದು ಜನರ ಎದುರಿನದು, ಇನ್ನೊಂದು ದೇವರ ಎದುರಿನದು. ಯಾವುದು ಯಾವುದೆಂದು ಮರೆತಿದ್ದೇನೆ. ಇವತ್ತು ಎರಡೂ ಒಂದೇ ನಲ್ಲಿಯಿಂದ ಬಂದವು.

ಜುಲೈ 8, ಮಂಗಳವಾರ

ಆಸ್ಪತ್ರೆಯಲ್ಲಿ, ಎಕ್ಸ್‌ರೇ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ. ನಿನ್ನೆಯಿಂದ ಸುಡುವ ಜ್ವರ. ಗುಟುಕು ಶ್ವಾಸಕೋಶಕ್ಕೆ ಇಳಿದಿರಬಹುದಂತೆ. “ಈ ವಯಸ್ಸಿಗೆ, ಈ ಸ್ಥಿತಿಗೆ, ಹೇಳಕ್ಕಾಗಲ್ಲ,” ಎಂದರು ಡಾಕ್ಟರು.

ಹಾಸು ತಿಕ್ಕುತ್ತ ಕೇಳಿಕೊಂಡದ್ದು ಈಡೇರುತ್ತಿದೆ. ನನ್ನ ಅಷ್ಟೂ ಪ್ರಾರ್ಥನೆಗಳಲ್ಲಿ ಕರ್ತನು ಆರಿಸಿಕೊಂಡದ್ದು ಇದನ್ನೇ.

ನಿಲ್ದಾಣದಲ್ಲಿ ನಮಗೊಂದು ನಿಯಮವಿತ್ತು. ತಪ್ಪು ಕೂಗಿದರೆ ಅದನ್ನು ಮೆಲ್ಲಗೆ ತಿದ್ದುವ ಹಾಗಿಲ್ಲ. ಮೊದಲು ಕೂಗಿದಷ್ಟೇ ಗಟ್ಟಿಯಾಗಿ, ಅದೇ ಮೈಕಿನಲ್ಲಿ, ಹಿಂದಿನ ಪ್ರಕಟಣೆಯನ್ನು ಪರಿಗಣಿಸಬಾರದು ಎನ್ನಬೇಕು. ಜನ ನಗಲಿ, ಬೈಯಲಿ. ಇಲ್ಲದಿದ್ದರೆ ಯಾರೋ ಪಾಪದವರು ತಪ್ಪು ಬಸ್ಸು ಹತ್ತಿ ಎಲ್ಲಿಗೋ ಹೋಗಿಬಿಡುತ್ತಾರೆ.

ಬೆಂಚಿನಲ್ಲಿ ಕೂತೇ ಹೇಳಿದೆ. “ಕರ್ತನೇ, ನನ್ನ ಹಿಂದಿನ ಪ್ರಕಟಣೆಯನ್ನು ಪರಿಗಣಿಸಬಾರದು.” ಗಟ್ಟಿಯಾಗಿಯೇ ಬಂತು. ಪಕ್ಕದಲ್ಲಿ ಕೈಗೆ ಪಟ್ಟಿ ಕಟ್ಟಿಕೊಂಡಿದ್ದವನು ಬೆಚ್ಚಿದ.

“ಏನ್ ಸಾರ್?”

“ಏನಿಲ್ಲ. ನನ್ನ ಹೆಂಡ್ತಿ ಒಳಗಿದಾಳೆ.”

ಏರಿಳಿತವಿಲ್ಲ, ನಿಲುಗಡೆಯಿಲ್ಲ. ಅದನ್ನೇ ಮತ್ತೆ ಮತ್ತೆ ಹೇಳಿದೆ, ಅವನು ಎದ್ದು ಬೇರೆ ಬೆಂಚಿಗೆ ಹೋಗುವವರೆಗೆ.

ಜುಲೈ 12, ಶನಿವಾರ

ಮನೆಗೆ ಬಂದೆವು. ಜ್ವರ ಇಳಿದಿದೆ. ಇಳಿಸಿದವನಿಗೆ ಸ್ತೋತ್ರ. ಅಷ್ಟೇ ಹೇಳಬಲ್ಲೆ, ಇದಕ್ಕಿಂತ ಉದ್ದದ್ದು ಹೇಳಲು ಮುಖವಿಲ್ಲ.

ಸಂಜೆ ಚಹಾ ತಿನ್ನಿಸುವಾಗ ಇವಳು ನಿಧಾನವಾಗಿ ಕೇಳಿದಳು.

“ಆವತ್ತು... ಎಲ್ಲಿ ಹೋಗಿದ್ರಿ?”

“ನೀರು ತರೋಕೆ.”

“ನೀರಾ?”

ಚಮಚ ಅಲ್ಲೇ ನಿಂತಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ತಾನಾಗಿಯೇ ಪ್ಯಾಂಟಿಗೆ ಒರೆಸಿಕೊಂಡಿತು.

“ನಾಚಿಕೆ ಆಯ್ತು,” ಎಂದೆ.

“ನನಗೂ,” ಎಂದಳು.

ಅಷ್ಟರಲ್ಲಿ ಚಹಾ ಪೂರ್ತಿ ಗಟ್ಟಿಯಾಗಿ ಚಮಚವೇ ಅದರಲ್ಲಿ ನೆಟ್ಟಗೆ ನಿಂತಿತು. “ನಿಂತಿದೆ ನೋಡಿ,” ಎಂದು ತೋರಿಸಿದಳು.

ಜುಲೈ 18, ಶುಕ್ರವಾರ

ಪಾಸ್ಟರು ತಮ್ಮ ದೊಡ್ಡ ಮೈಯನ್ನು ಪುಟ್ಟ ಸ್ಕೂಟರಿನಲ್ಲಿ ಹೊತ್ತುಕೊಂಡು ಬಂದರು. ಕೈಯಲ್ಲಿ ಒಂದು ಪೊಟ್ಟಣ. ಸಂಕೋಚದಿಂದ ಬಿಚ್ಚಿದರು. ಅದೇ ಬಟ್ಟೆ. ಕೆಂಪು ಕಲೆ ನೀಲಿಗೆ ತಿರುಗಿತ್ತು.

“ಅಮ್ಮಾ, ಬೈಬಾರ್ದು. ನಮ್ಮನೆಯವಳು ಸೋಪು ಹಾಕಿ ತಿಕ್ಕಿಬಿಟ್ಳು.”

ಇವಳು ಕಣ್ಣು ಮುಚ್ಚಿದಳು, ಯಾರೋ ತೀರಿಕೊಂಡ ಸುದ್ದಿ ಕೇಳಿದ ಹಾಗೆ. “ಸೋಪಾ?”

“ಏನಂದ್ರು?” ಎಂದು ಪಾಸ್ಟರು ನನ್ನನ್ನು ಕೇಳಿದರು.

“ಸೋಪಾ ಅಂತ. ಅದರ ಹಿಂದೆ ಇನ್ನೂ ಇದೆ, ನಾನು ಹೇಳಲ್ಲ.”

ಅಗಲದ ಪಾತ್ರೆಯ ಮೇಲೆ ಬಟ್ಟೆ ಬಿಗಿಯಾಗಿ ಹಿಡಿಯಬೇಕು. ಕಲೆಯ ಮೇಲೆ ಉಪ್ಪು. ಕುದಿಯುವ ನೀರನ್ನು ಎತ್ತರದಿಂದ ಸುರಿಯಬೇಕು. ಇವಳು ಎಡಗೈಯಿಂದ ತೋರಿಸಿದ್ದು ಇಷ್ಟು. ಪಾಸ್ಟರು ಬಟ್ಟೆ ಹಿಡಿದರು, ನಾನು ಸ್ಟೂಲು ಹತ್ತಿ ಸುರಿದೆ. “ಇನ್ನೂ ಮೇಲೆ,” “ಮೆಲ್ಲಗೆ,” “ಕಾಲು, ಪಾಸ್ಟರ ಕಾಲು” ಎಂದು ಇವಳು ಹೇಳುತ್ತಿದ್ದಳು, ನಾನು ಅದನ್ನೇ ಅವರಿಗೆ ದಾಟಿಸುತ್ತಿದ್ದೆ. ಕರ್ತನ ರಸ ಬೆರೆತ ಆ ನೀರನ್ನು ಮೋರಿಗೆ ಚೆಲ್ಲಬಾರದಂತೆ, ಗಿಡದ ಬುಡಕ್ಕೆ ಹಾಕಬೇಕಂತೆ. ಇಷ್ಟು ವರ್ಷ ಪಾಠ ಓದಿದ ನನಗೆ ಅದು ಗೊತ್ತಿರಲಿಲ್ಲ. ಕಲೆ ಪೂರ್ತಿ ಹೋಗಲಿಲ್ಲ. “ಇರ್ಲಿ,” ಎಂದಳು.

ಹೊರಡುವಾಗ ಪಾಸ್ಟರು ಬಾಗಿಲಲ್ಲಿ ನಿಂತರು. “ಪ್ರಭುಭೋಜನ ಇಲ್ಲಿಗೇ ತರ್ತೀನಿ. ಆ ಪುಡೀ... ಅದರಲ್ಲಿ ಹಾಕಬಹುದಾ?”

“ನೀವು ಹೇಳ್ಬೇಕು, ನನ್ನನ್ನ ಕೇಳಿದ್ರೆ?”

“ಹಾಕಬಾರದು ಅಂತ ನಾನಂತೂ ಎಲ್ಲೂ ಓದಿಲ್ಲಪ್ಪ.”

ಜುಲೈ 25, ಶುಕ್ರವಾರ

ಮೊದಲು ಬೇರೆ ದ್ರಾಕ್ಷಿರಸದಲ್ಲಿ ಪರೀಕ್ಷೆ ಮಾಡಿದೆ. ಒಂದು ಸಲ ನೀರಾಯಿತು. ಇನ್ನೊಂದು ಸಲ ಚಮಚ ಮಗುಚಿದರೂ ಬೀಳಲಿಲ್ಲ. “ಜಾಮು. ಬ್ರೆಡ್ಡಿಗೆ ಹಚ್ಚಿ,” ಎಂದಳು. ಮೂರನೆಯದು ಸರಿಯಾಯಿತು.

ಪಾಸ್ಟರು ಪ್ರಾರ್ಥನೆ ಮಾಡಿ, ಬಟ್ಟಲನ್ನು ಇವಳ ಕಡೆ ತರಲು ಹೋಗಿ, ತಡೆದು, ನನ್ನ ಕೈಗೆ ಕೊಟ್ಟರು. “ನಿಮಗೆ ಗೊತ್ತು ಹೇಗೆ ಕೊಡಬೇಕು ಅಂತ.”

ಎಡಪಕ್ಕಕ್ಕೆ ಬಂದೆ. “ಗಲ್ಲ ಕೆಳಗೆ ಮಾಡ್ಕೋ,” ಎಂದೆ. ಚಮಚ ನಾಲಿಗೆಯ ಎಡಕ್ಕೆ ಇಟ್ಟೆ. ಕಾದೆ. ನನ್ನ ಕಣ್ಣೆಲ್ಲ ಅವಳ ಗಂಟಲಿನ ಮೇಲೆ. ಗಂಟಲ ಗಂಟು ಮೇಲೆ ಹೋಯಿತು, ಅಲ್ಲೇ ಯೋಚಿಸಿದ ಹಾಗೆ ನಿಂತಿತು, ಕೆಳಗಿಳಿಯಿತು. ಕೆಮ್ಮಿಲ್ಲ. ಚಿಕ್ಕಂದಿನಿಂದ ಪ್ರಭುಭೋಜನ ತೆಗೆದುಕೊಳ್ಳುತ್ತಿದ್ದೇನೆ. ಅದು ಒಂದು ಮೈಯೊಳಗೆ ಇಳಿಯುವುದನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಆಮೆನ್ ಎಂದವರು ಯಾರೆಂದು ನೋಡಿದರೆ ನಾನೇ. ಬಹಳ ಮೆಲ್ಲಗೆ ಹೇಳಿದ್ದೆ.

ಆಮೇಲೆ ಅದೇ ಚಮಚದಲ್ಲಿ ನಾನೂ ತೆಗೆದುಕೊಂಡೆ, ಮಂದವಾದದ್ದನ್ನೇ. ರುಚಿ ಅಷ್ಟಕ್ಕಷ್ಟೇ.

ಜುಲೈ 29, ಮಂಗಳವಾರ

ಮಗಳ ಫೋನು ಬಂತು. ಹಾಸಿಗೆ ಖಾಲಿಯಾಗಿದೆ. ಶನಿವಾರ ಕಾರು ತರುತ್ತಾಳಂತೆ. “ಅಮ್ಮನಿಗೆ ನೀವೇ ಹೇಳ್ತೀರಾ ಅಂಕಲ್?”

ಬೆಳಿಗ್ಗೆಯಿಂದ ಹೇಳಬೇಕೆಂದು ಸುತ್ತಾಡಿದೆ. ಒಮ್ಮೆ ದಿಂಬು ಸರಿಮಾಡಿದೆ. ಒಮ್ಮೆ ಕಿಟಕಿ ತೆರೆದೆ, ಒಮ್ಮೆ ಮುಚ್ಚಿದೆ. ಕೊನೆಗೆ ಅವಳೇ, “ಏನು, ಹೇಳಿ,” ಎಂದಳು. ಆರೈಕೆ ಮನೆಯ ವಿಷಯ ಹೇಳಿದೆ. ಚೊಕ್ಕವಾಗಿದೆಯಂತೆ ಎಂದೂ ಸೇರಿಸಿದೆ.

“ಗೊತ್ತು.”

“ಗೊತ್ತಾ? ಅವಳು ಹೇಳಿದ್ಲಾ?”

“ಇಲ್ಲ. ನೀವೇ. ಜೂನಲ್ಲಿ. ಅಡುಗೆಮನೇಲಿ.” ಉಸಿರು ತೆಗೆದುಕೊಂಡಳು. “ನಿಮ್ಮ ಗುಸುಗುಸು... ಬಸ್ ಸ್ಟ್ಯಾಂಡಿಗೆ ಕೇಳತ್ತೆ.”

ಅಂದರೆ ನೀರು ಕುದಿಯುವ ಮೊದಲೇ ನಾನು ಹೂಂ ಎಂದದ್ದನ್ನು ಅವಳು ಹಾಸಿಗೆಯಲ್ಲಿ ಮಲಗಿ ಕೇಳಿದ್ದಾಳೆ. ಆಮೇಲೆ ಅದೇ ಕೈಯಿಂದ ಉಂಡಿದ್ದಾಳೆ. ನಕ್ಕಿದ್ದಾಳೆ. ಕಾಗದದಂಥ ಆಲೂಗಡ್ಡೆಯನ್ನು ಪೂರ್ತಿ ತಿಂದಿದ್ದಾಳೆ. ಭೂಮಿ ಬಾಯಿಬಿಡಬಾರದೇ ಎನ್ನುತ್ತಾರಲ್ಲ, ಬಿಟ್ಟಿದ್ದರೆ ಇಳಿದೇ ಬಿಡುತ್ತಿದ್ದೆ.

“ನಿನಗೇನು ಅನ್ಸತ್ತೆ?” ಎಂದೆ.

“ಹೋಗ್ತೀನಿ.”

ಬೇಡ ಎಂದು ಅಳುತ್ತಾಳೆ, ನಾನು ದೊಡ್ಡ ಮನಸ್ಸು ಮಾಡಿ ಇರಿಸಿಕೊಳ್ಳುತ್ತೇನೆ ಎಂದು ಒಳಗೊಳಗೇ ಎಣಿಸಿದ್ದೆ. ಅದಕ್ಕೂ ಅವಳು ಜಾಗ ಕೊಡಲಿಲ್ಲ.

ಆಗಸ್ಟ್ 1, ಶುಕ್ರವಾರ

ಪ್ರಾರ್ಥನೆಗೆ ಕುಳಿತೆ. ‘ಬಲ ಕೊಡು’ ಎಂದು ಕೇಳಿದೆ. ಯಾವುದಕ್ಕೆ ಬಲ, ಕಳಿಸಲಿಕ್ಕೋ, ಕಳಿಸಬೇಡ ಎನ್ನಲಿಕ್ಕೋ, ಅದನ್ನು ಹೇಳಲಿಲ್ಲ. ಅವನಿಗೇ ಬಿಟ್ಟೆ.

ಮೊದಲಿನವಳ ಫೋಟೊ ಒರೆಸಿ ಬಹಳ ದಿನವಾಗಿತ್ತು. ಇವತ್ತು ಒರೆಸಿದೆ. ನನ್ನವಳು ಮಂಚದಿಂದಲೇ, “ಮೂಲೆ... ಬಿಟ್ರಿ,” ಎಂದಳು.

ಆಗಸ್ಟ್ 2, ಶನಿವಾರ

ಮಗಳು ಬಂದು ಬ್ಯಾಗು ತುಂಬಿದಳು. ಇವಳು ಒಳ್ಳೆಯ ಬಟ್ಟೆ ಉಟ್ಟು, ತಲೆ ಬಾಚಿಸಿಕೊಂಡು, ಕುರ್ಚಿಯಲ್ಲಿ ಸಿದ್ಧವಾಗಿ ಕೂತಿದ್ದಳು. ನಾನು ಪುಡಿಯ ಡಬ್ಬಿ ಹಿಡಿದು ನಿಂತಿದ್ದೆ.

“ಒಂದು ಲೋಟಕ್ಕೆ ಎಷ್ಟು ಚಮಚ ಅಂಕಲ್? ಅಲ್ಲಿನವರಿಗೆ ಹೇಳ್ಬೇಕು.”

“ಹಾಗೆ ಲೆಕ್ಕ ಇಲ್ಲಮ್ಮ. ಚಹಾಕ್ಕೆ ಬೇರೆ, ತಣ್ಣೀರಿಗೆ ಬೇರೆ. ಬಿಸಿ ಇದ್ರೆ ಮೊದಲು ತೆಳ್ಳಗೇ ಕಾಣತ್ತೆ, ಮೋಸ ಮಾಡತ್ತೆ, ಸ್ವಲ್ಪ ಕಾಯ್ಬೇಕು. ಎಡಗಡೆಯಿಂದ ಕೊಡ್ಬೇಕು. ಗಲ್ಲ ಕೆಳಗೆ. ನುಂಗಿದ ಮೇಲೆ ಬರೀ ಬಾಯಲ್ಲಿ ಇನ್ನೊಂದ್ಸಲ ನುಂಗಿಸ್ಬೇಕು, ಬಲಗೆನ್ನೆಯಲ್ಲಿ ಉಳ್ಕೊಂಡಿರತ್ತೆ. ಸಾಕು ಅಂದ್ರೆ ಸಾಕಾಯ್ತು ಅಂತಲ್ಲ, ಬೇಜಾರಾಯ್ತು ಅಂತ. ಆಗ ಏನಾದ್ರೂ ತಮಾಷೆ ಮಾಡ್ಬೇಕು. ಬರ್ಕೊಳ್ತಾ ಇದೀಯಾ?”

“ಇಲ್ಲ. ನಿಮ್ಮನ್ನೇ ನೋಡ್ತಾ ಇದೀನಿ.”

ಡಬ್ಬಿ ಅವಳ ಕೈಗೆ ಕೊಡಬೇಕಿತ್ತು. ಕೊಡಲಿಲ್ಲ. “ಇರಲಿ ಬಿಡು ಇವಳು ಇಲ್ಲೇ,” ಎಂದೆ.

“ನೀವೇ ತಾನೇ ಅವತ್ತು...”

“ಹೌದು. ನಾನೇ.” ಆಮೇಲೆ ನಲ್ಲಿಯ ವಿಷಯವನ್ನೂ ಹೇಳಿದೆ. ಹೇಳದಿದ್ದರೆ ಕೇಳಿಕೊಳ್ಳುವುದಕ್ಕೆ ನನಗೆ ಬಾಯಿರಲಿಲ್ಲ. ಅವಳ ಮುಖ ಕೆಂಪಾಯಿತು.

“ಅಮ್ಮ ಉಸಿರು ಕಟ್ಟಿ ಒದ್ದಾಡ್ತಿದ್ರೆ ಕೈ ತೊಳೀತಾ ಇದ್ರಾ? ಮತ್ತೆ ಹಾಗೇ ಓಡಿ ಹೋದ್ರೆ?”

“ಹೋಗ್ಬಹುದು. ಗ್ಯಾರಂಟಿ ಕೊಡಕ್ಕಾಗಲ್ಲ ನನಗೆ.”

ಮಗಳು ತಾಯಿಯ ಕಡೆ ತಿರುಗಿದಳು. ತಾಯಿ ನನ್ನನ್ನು ನೋಡುತ್ತಿದ್ದಳು, ಕೊಳ್ಳುವ ಮುಂಚೆ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತಾರಲ್ಲ, ಹಾಗೆ.

“ನಾಳೆ... ಪ್ರಭುಭೋಜನ,” ಎಂದಳು. “ದೊಡ್ಡ ರಸ್ತೇಲಿ ಹೋಗೋದು. ಮುಂದಿನ ಬೆಂಚು.”

“ಆಯ್ತು,” ಎಂದೆ.

“ಆಮೇಲೆ ಹೇಳ್ತೀನಿ.”

ಮಗಳು ಇಲ್ಲೇ ಉಳಿದಿದ್ದಾಳೆ. ತುಂಬಿದ ಬ್ಯಾಗು ಬಾಗಿಲ ಹತ್ತಿರ ಹಾಗೆಯೇ ಇದೆ.

ಆಗಸ್ಟ್ 3, ಭಾನುವಾರ

ದೊಡ್ಡ ರಸ್ತೆಯಲ್ಲಿ ಎಲ್ಲರೂ ನೋಡಿದರು. ಕೆಲವರು ನೋಡದ ಹಾಗೆ ನೋಡಿದರು, ಅದು ಇನ್ನೂ ಕಷ್ಟ. ನನ್ನ ಕಿವಿ ಬಿಸಿಯಾಗಿಯೇ ಇತ್ತು. ಮುಂದಿನ ಬೆಂಚಿನ ಪಕ್ಕ ಕುರ್ಚಿ ನಿಲ್ಲಿಸಿ, ಅವಳ ಎಡಕ್ಕೆ ನಿಂತೆ.

ಪಾಸ್ಟರು ಬಟ್ಟಲು ತಂದರು. ಪುಟ್ಟ ಲೋಟಕ್ಕೆ ಸುರಿಸಿಕೊಂಡು, ಜೇಬಿನಿಂದ ಪುಡಿಯ ಪೊಟ್ಟಣ ತೆಗೆದು ಕಲಕಿದೆ. ಇಡೀ ಸಭೆ ನನ್ನ ಬೆನ್ನ ಹಿಂದೆ ಕಾಯುತ್ತಿತ್ತು. ಚಮಚ ಲೋಟಕ್ಕೆ ತಾಗುವ ಸದ್ದು ಗಂಟೆ ಬಾರಿಸಿದ ಹಾಗೆ ಕೇಳಿಸಿತು. ಅವಸರವಾಯಿತು. ಇನ್ನೂ ಸ್ವಲ್ಪ ಹೊತ್ತು ಕಾಯಬೇಕಿತ್ತು, ಕಾಯಲಿಲ್ಲ. ಕೊಟ್ಟೆ. ಕೆಮ್ಮಿದಳು.

ಆವತ್ತಿನಷ್ಟಲ್ಲ. ಆದರೆ ಕೆಮ್ಮು, ಗಟ್ಟಿಯಾಗಿ, ಎಲ್ಲರ ಮುಂದೆ. ಎಂಜಲೂ ಕೆಂಪೂ ಸೇರಿ ನನ್ನ ಕೋಟಿನ ತೋಳಿನ ಮೇಲೆ ಬಿತ್ತು. ಹಿಂದೆ ಯಾರೋ ‘ಅಯ್ಯೋ’ ಎಂದರು. ನಿಜವನ್ನೇ ಬರೆಯುತ್ತೇನೆ. ನನ್ನ ಕಾಲು ಹೊರಟಿತು. ಪ್ರಾರ್ಥನೆ, ನಿನ್ನೆ ಹೇಳಿದ ಮಾತು, ಯಾವುದನ್ನೂ ಅದು ಕೇಳಲಿಲ್ಲ. ಬಾಗಿಲಿನ ಕಡೆಗೆ ಅರ್ಧ ಹೆಜ್ಜೆ ಆಗಿಯೂ ಹೋಗಿತ್ತು.

ಅಷ್ಟರಲ್ಲಿ ಏನೋ ಎಳೆಯಿತು. ಬಗ್ಗಿ ನೋಡಿದೆ. ಅವಳ ಎಡಗೈ ನನ್ನ ಕೋಟಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದಿತ್ತು. ಆಗ ತಾನೇ ಹಿಡಿದದ್ದಲ್ಲ. ಬೆರಳಿನ ಗಿಣ್ಣುಗಳು ಬಿಳಿಚಿಕೊಂಡಿದ್ದವು, ಬಟ್ಟೆ ಸುಕ್ಕುಗಟ್ಟಿ ಹೋಗಿತ್ತು. ಮೊದಲ ಕೀರ್ತನೆಯಿಂದಲೇ ಹಿಡಿದುಕೊಂಡಿದ್ದಾಳೆ, ನನಗೆ ತಿಳಿದೇ ಇರಲಿಲ್ಲ.

ನಿಂತೆ. ತಲೆ ಮುಂದಕ್ಕೆ ಬಗ್ಗಿಸಿ ಹಿಡಿದೆ. ಕೆಮ್ಮು ಇಳಿಯಿತು. “ಇನ್ನೊಂದ್ಸಲ ನುಂಗು,” ಎಂದೆ, ನುಂಗಿದಳು. ಬಾಯಿ ಒರೆಸಿದೆ. ಲೋಟದಲ್ಲಿದ್ದದ್ದು ಅಷ್ಟರಲ್ಲಿ ಸರಿಯಾಗಿ ಮಂದವಾಗಿತ್ತು. ಇನ್ನೊಂದು ಚಮಚ ಕೊಟ್ಟೆ, ಅದು ಇಳಿಯಿತು. ಪಾಸ್ಟರು ಅಲ್ಲಿಯವರೆಗೂ ಬಟ್ಟಲು ಹಿಡಿದು ಕಾದಿದ್ದು, ಆಮೇಲೆ ಮುಂದಿನವರ ಕಡೆ ಹೋದರು.

ಚರ್ಚಿನ ಮೆಟ್ಟಿಲ ಹತ್ತಿರ ಮಗಳು ಬಗ್ಗಿ ಕೇಳಿದಳು. “ಅಮ್ಮಾ, ಏನ್ ಮಾಡೋಣ?”

“ಬ್ಯಾಗು ಬಿಚ್ಚು,” ಎಂದಳು.

ಮಗಳಿಗೆ ಅರ್ಥವಾಗಲಿಲ್ಲ. ನಾನೇ ಹೇಳಬೇಕಾಯಿತು. ಹೇಳುವಾಗ ನನ್ನ ದನಿ ಒಡೆಯಿತು, ಅಷ್ಟು ವರ್ಷ ಮೈಕಿನ ಮುಂದೆ ಒಡೆಯದ ದನಿ.

ಅವಳ ಕೈ ಇನ್ನೂ ಕೋಟು ಬಿಟ್ಟಿರಲಿಲ್ಲ. “ಅಷ್ಟೂ ಹೊತ್ತು ಹಿಡ್ಕೊಂಡೇ ಇದ್ದೆಯಲ್ಲ. ನನ್ನ ಮೇಲೆ ನಂಬಿಕೆ ಇರ್ಲಿಲ್ವಾ?” ಎಂದೆ.

ಅವಳು ಮಾತು ಜೋಡಿಸಿಕೊಳ್ಳುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು.

“ನಂಬಿಕೆ... ದೇವರ ಮೇಲೆ. ನಿಮ್ಮ ಮೇಲೆ... ಕೈ.”

ಕುರ್ಚಿಯನ್ನು ಮೆಲ್ಲಗೆ ರಸ್ತೆಗೆ ಇಳಿಸಿದೆ.